ಮಣ್ಣು ಬರಬಾರದ ಕೋಣೆಯಲ್ಲಿ ನಾನು

ನಾನು ಒಂದು ಆಟಿಕೆ ಗಿಡ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿದಾಗ ಚೂರುಚೂರಾಗಿ ಹುಟ್ಟಿದೆ. ತಿಳಿಹಸಿರು ಎಲೆಗಳು, ಗುಲಾಬಿ ಬಣ್ಣದ ತುದಿಗಳು, ಕಪ್ಪು ಕುಂಡ. ಒಂದಕ್ಕೊಂದು ಸಿಕ್ಕಿಸಿದರೆ ಎಚಿವೇರಿಯಾ ಆಗುತ್ತೇನೆಂದು ಡಬ್ಬಿಯ ಚಿತ್ರ ಹೇಳುತ್ತಿತ್ತು. ಕಮಲದ ಹಾಗೆ ದಪ್ಪ ಎಲೆ ಬಿಟ್ಟು, ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು. ಅದೇ ಡಬ್ಬಿಯಲ್ಲಿ ಲೋಳೆಸರ, ಪಾಪಾಸುಕಳ್ಳಿ, ಮಣಿಸರದಂತೆ ಇಳಿಬೀಳುವ ಒಂದು ಬಳ್ಳಿಯೂ ಇದ್ದವು. ಎಲ್ಲರೂ ಬಿಡಿಬಿಡಿಯಾಗಿಯೇ ಇದ್ದೆವು.

ಹುಬ್ಬಳ್ಳಿಯ ಅಂಗಡಿಯಲ್ಲಿ ನಮ್ಮನ್ನು ಕೊಂಡವಳು ದಾಕ್ಷಾಯಿಣಿ. ಆಟಿಕೆ ಕೊಳ್ಳುವವರು ಯಾರೂ ಕೇಳದ ಪ್ರಶ್ನೆಯನ್ನು ಅವಳು ಕೇಳಿದಳು.

“ಇದ್ರಾಗ ಮಣ್ಣ ಏನರ ಇರ್ತದೇನ್ರಿ?”

“ಇಲ್ರಿ, ಬರೇ ಪ್ಲಾಸ್ಟಿಕ್. ತೊಳದ್ರೂ ಏನೂ ಆಗಂಗಿಲ್ಲ.”

ಕೊರಿಯರ್‌ನಲ್ಲಿ ನಾವು ದೂರದ ಊರಿನ ದೊಡ್ಡ ಆಸ್ಪತ್ರೆಗೆ ಬಂದೆವು. ಮೆಹರುನ್ನಿಸಾ ಎಂಬ ನರ್ಸ್ ನಮ್ಮ ಒಂದೊಂದು ಚೂರನ್ನೂ ಘಾಟು ವಾಸನೆಯ ಔಷಧಿ ನೀರಿನಲ್ಲಿ ತೊಳೆದು, ಒರೆಸಿ, ಸ್ಟೀಲ್ ತಟ್ಟೆಯಲ್ಲಿಟ್ಟು, ಎರಡು ಬಾಗಿಲು ದಾಟಿ ಒಂದು ಕೋಣೆಗೆ ಒಯ್ದಳು. ಅಲ್ಲಿ ತಲೆಗೂದಲೆಲ್ಲ ಉದುರಿದ ಹೆಂಗಸೊಬ್ಬಳು ಮಲಗಿದ್ದಳು. ಅವಳೇ ದಾಕ್ಷಾಯಿಣಿಯ ಅಕ್ಕ ನೀಲಾಂಬಿಕಾ.

ಧಾರವಾಡದಲ್ಲಿ ಅವಳು ಮಾಳಿಗೆಯ ತುಂಬ ನನ್ನಂಥ ಗಿಡಗಳನ್ನೇ ಬೆಳೆಸಿ ಮಾರುತ್ತಿದ್ದಳಂತೆ. ನನ್ನಂಥವಲ್ಲ, ನಿಜವಾದವು. ಆಮೇಲೆ ರಕ್ತದ ಕಾಯಿಲೆ ಬಂತು. ಮೂಳೆಯೊಳಗಿನ ಹಳೆಯ ಮಜ್ಜೆಯನ್ನೆಲ್ಲ ಔಷಧಿಯಿಂದ ಸುಟ್ಟು, ತಂಗಿಯ ಮಜ್ಜೆಯನ್ನು ಹಾಕಬೇಕಿತ್ತು. ಇಂಥವರ ಹತ್ತಿರ ಮಣ್ಣು, ಹೂವು, ಹಸಿ ಎಲೆ ಯಾವುದೂ ಸುಳಿಯಬಾರದು. ಸುಡುವ ಔಷಧಿ ಆಗಲೇ ಮೈಗೆ ಇಳಿದಾಗಿತ್ತು. ಬರಬೇಕಾಗಿದ್ದವಳು ತಂಗಿ. ಬಂದದ್ದು ನಾವು.

“ಆಕಿ ಎಲ್ಲಿ?” ಎಂದಳು ನೀಲಾಂಬಿಕಾ.

“ಡಬ್ಬಿ ಮಾತ್ರ ಬಂತು ಅಕ್ಕ,” ಎಂದಳು ಮೆಹರುನ್ನಿಸಾ. ಅವಳ ಕಣ್ಣು ತಟ್ಟೆಯ ಮೇಲೇ ಇತ್ತು.

ನೀಲಾಂಬಿಕಾ ಫೋನ್ ಮಾಡಿದಳು. ಎತ್ತಿದವನು ದಾಕ್ಷಾಯಿಣಿಯ ಗಂಡ.

“ಮನ್ಯಾಗ ಹಿರ್ಯಾರು ಒಲ್ಲೆ ಅಂತಾರ್ರಿ ಅಕ್ಕಾರ. ಮೂಳಿ ಪೊಳ್ಳಾಗ್ತಾವಂತ. ನಾಳೆ ಈಕಿನೂ ಹಾಸಿಗಿ ಹಿಡದ್ರ?”

“ನನ್ನ ಮೈಯಾಗ ಇನ್ನ ಏನೂ ಉಳದಿಲ್ಲಪಾ. ಆಕಿ ಕೈಯಾಗ ಫೋನ್ ಕೊಡು.”

ಅವನು ಕೊಡಲಿಲ್ಲ. ಅವಳು ಫೋನ್ ಕೆಳಗಿಟ್ಟು ನನ್ನನ್ನು ಕಟ್ಟತೊಡಗಿದಳು. ಬೆರಳಲ್ಲಿ ಬಲವಿರಲಿಲ್ಲ. ಎಲೆ ಸಿಕ್ಕಿಸುವಾಗ ಉಸಿರು ಹಿಡಿಯುತ್ತಿದ್ದಳು. ಒಂದು ಎಲೆ ಜಾರಿ ನೆಲಕ್ಕೆ ಬಿತ್ತು. ಮೆಹರುನ್ನಿಸಾ ಅದನ್ನು ಹೊರಗೊಯ್ದು ಮತ್ತೆ ತೊಳೆದು ತಂದಳು. ಬಾಗಿಲ ಗಾಜಿನಾಚೆ ಡಾಕ್ಟರು ಎರಡು ಸಲ ಬಂದು ನಿಂತರು, ಗಡಿಯಾರ ನೋಡಿ ಹೋದರು.

ಸಂಜೆ ಫೋನ್ ತಾನಾಗಿಯೇ ಬಡಿದುಕೊಂಡಿತು.

“ಅಕ್ಕಾ, ಬಚ್ಚಲಮನ್ಯಾಗ ನಿಂತ ಮಾತಾಡಾಕತ್ತೀನಿ,” ಎಂದಿತು ಸಣ್ಣ ದನಿ. “ಮಂದೀದು ಬಿಡು. ನನಗ ಅಂಜಿಕಿ ಬಂದದ.”

ನೀಲಾಂಬಿಕಾ ಬೇಡಿಕೊಳ್ಳಲಿಲ್ಲ. ಕೈಯಲ್ಲಿದ್ದ ನನ್ನ ಎಲೆಯನ್ನು ತಿರುಗಿಸುತ್ತ ಕೇಳಿದಳು.

“ಮಾಳಗಿ ಮ್ಯಾಲಿನ ಗಿಡದ ಎಲಿ ಎಷ್ಟ ಸಲ ಮುರದ ಕುಂಡ್ಯಾಗ ಇಟ್ಟೀ ನೀನು?”

“ಭಾಳ ಸಲ.”

“ಸಸಿ ಬಂದ್ವಿಲ್ಲೋ? ಮುರದ್ದಕ್ಕ ಆ ತಾಯಿಗಿಡಕ್ಕ ಏನರ ಆತೇನು?”

ಆ ಕಡೆ ನಲ್ಲಿ ತಿರುಗಿಸಿದ ಸದ್ದಾಯಿತು. ಆಮೇಲೆ ಫೋನ್ ನಿಂತುಹೋಯಿತು.

ಮರುದಿನ ಬೆಳಿಗ್ಗೆ ಯಾರೂ ಬರಲಿಲ್ಲ. ನೀಲಾಂಬಿಕಾಗೆ ಜ್ವರ ಬಂತು. ಬಾಯೆಲ್ಲ ಹುಣ್ಣಾಗಿ ಮಾತು ನಿಂತಿತ್ತು. ನನ್ನ ಕೊನೆಯ ಎಲೆ ಅವಳ ಮುಷ್ಟಿಯಲ್ಲೇ ಇತ್ತು, ಬೆವರಿನಿಂದ ಒದ್ದೆಯಾಗಿ. ಪ್ಲಾಸ್ಟಿಕ್ಕಿಗೆ ಏನೂ ಆಗದು ಎನ್ನುತ್ತಾರೆ. ಆ ಮುಷ್ಟಿ ಬಿಗಿಯುವುದೂ ಸಡಿಲುವುದೂ ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಊಟದ ಹೊತ್ತು ಮೀರಿದ ಮೇಲೆ ಗಾಜಿನಾಚೆ ಒಬ್ಬಳು ಬಂದು ನಿಂತಳು. ಮನೆಯಲ್ಲುಡುವ ಸೀರೆ, ಕೈಯಲ್ಲಿ ಚೀಲವಿಲ್ಲ, ಬಸ್ಸಿನ ಧೂಳು ಮೆತ್ತಿದ ಮುಖ. ದಾಕ್ಷಾಯಿಣಿ ಅಕ್ಕನನ್ನು ನೋಡಿದಳು, ಕೂಡಲೇ ಮುಖ ತಿರುಗಿಸಿ ಮೆಹರುನ್ನಿಸಾಳಿಗೆ ಹೇಳಿದಳು.

“ಎಲ್ಲಿ ಮಲಗಬೇಕು ತೋರಸ್ರಿ. ಮತ್ತ ಅಂಜಿಕಿ ಬರೂದ್ರೊಳಗ ಸುರು ಮಾಡ್ರಿ.”

ಅವಳ ಸೊಂಟದ ಮೂಳೆಯಿಂದ ತೆಗೆದ ಮಜ್ಜೆ ಒಂದು ಚೀಲದಲ್ಲಿ ಕೆಂಪಗೆ ಬಂದು, ಹನಿಹನಿಯಾಗಿ ಅಕ್ಕನ ಮೈಗಿಳಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅದು ಒಳಗೆ ನೆಲೆಯೂರಬೇಕು. ದಿನಾ ರಕ್ತ ತೆಗೆದು ಹೊಸ ಕಣಗಳು ಹುಟ್ಟಿವೆಯೇ ಎಂದು ಎಣಿಸುತ್ತಿದ್ದರು, ದಿನಾ ಸೊನ್ನೆ. ಜ್ವರ ಇಳಿದು ಮತ್ತೆ ಏರುತ್ತಿತ್ತು. ದಾಕ್ಷಾಯಿಣಿ ಸೊಂಟ ಹಿಡಿದುಕೊಂಡು ಗಾಜಿನಾಚೆಯ ಬೆಂಚಿನಲ್ಲಿ ಕೂತಿರುತ್ತಿದ್ದಳು. ಹುಡುಕಿಕೊಂಡು ಬಂದ ಗಂಡನೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

ಒಂದು ಬೆಳಿಗ್ಗೆ ಮೆಹರುನ್ನಿಸಾ ಹಾಸಿಗೆಯ ಅಂಚಿಗೆ ಬಂದು ಬಾಗಿದಳು.

“ಅಕ್ಕ, ರಕ್ತದ ಕಣ ಏರ್ತಾ ಇದೆ. ಸ್ವಲ್ಪವೇ, ಆದ್ರೆ ಏರ್ತಾ ಇದೆ.”

ನೀಲಾಂಬಿಕಾ ಕೈ ಚಾಚಿ ನನ್ನ ಕೊನೆಯ ಎಲೆಯನ್ನು ಸಿಕ್ಕಿಸಿದಳು. ಆಗ ನಾನು ಪೂರ್ತಿಯಾದೆ.

ಮನೆಗೆ ಹೋಗುವಾಗ ಅವಳು ನನ್ನನ್ನು ಒಯ್ಯಲಿಲ್ಲ. “ಇಲ್ಲೇ ಇರ್ಲಿ. ಮುಂದ ಬರವರಿಗೆ ಬೇಕಾಗ್ತದ,” ಎಂದಳು.

ಅಂದಿನಿಂದ ನನ್ನನ್ನು ಬಿಚ್ಚಿ, ತೊಳೆದು, ಬೇರೆಯವರ ತಟ್ಟೆಯಲ್ಲಿ ಇಡುತ್ತಾರೆ. ಪಾಪಾಸುಕಳ್ಳಿಯ ಹೂ ಕಳೆದಿದೆ, ಮಣಿಸರದ ಬಳ್ಳಿ ತುಂಡಾಗಿದೆ, ಔಷಧಿ ನೀರಿಗೆ ನನ್ನ ಗುಲಾಬಿ ತುದಿಗಳು ಬಿಳಿಚಿವೆ. ಎಷ್ಟೋ ಕೈಗಳು ನನ್ನನ್ನು ಕಟ್ಟಿವೆ. ಅರ್ಧ ಕಟ್ಟಿ ಹೋದವರೂ ಇದ್ದಾರೆ. ಅವರು ಬಿಟ್ಟ ಕಡೆ ಇನ್ನೊಬ್ಬರು ಮುಂದುವರಿಸುವುದಿಲ್ಲ. ಎಲ್ಲರೂ ಬುಡದಿಂದಲೇ ಆರಂಭಿಸುತ್ತಾರೆ. ಬುಡದಿಂದ ಆರಂಭಿಸುವ ಆ ಹಟವನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದೇನೆ. ನೆಲದಲ್ಲಿ ಬೇರು ಬಿಟ್ಟಿದ್ದರೂ ಇದಕ್ಕಿಂತ ಹೆಚ್ಚಿನದೇನನ್ನೂ ಕಾಣುತ್ತಿರಲಿಲ್ಲ.

ಈಗ ಹಾಸಿಗೆಯಲ್ಲಿರುವವರು ಒಬ್ಬ ಬಸ್ ಕಂಡಕ್ಟರ್. ಅವರ ತಮ್ಮ ಇನ್ನೂ ಬಂದಿಲ್ಲ. ಕೆಳಗಿನ ಸಾಲಿನ ಎಲೆಗಳನ್ನು ಕೂಡಿಸಿ, ಗಾಜಿನ ಕಡೆ ಒಮ್ಮೆ ನೋಡಿ, ಅವರು ಮುಂದಿನ ಎಲೆಯನ್ನು ಕೈಗೆತ್ತಿಕೊಂಡಿದ್ದಾರೆ.