ಖಾಲಿ ಹೊಟ್ಟೆಯ ಓಟ

ಬೆಳಿಗ್ಗೆ ಓಡುವ ಮುಂಚೆ ತಿನ್ನಬೇಕೋ ಬೇಡವೋ ಎಂಬುದಕ್ಕೆ ಆ ಫೈರ್ ಸ್ಟೇಷನ್ನಿನಲ್ಲಿ ತಲೆಗೊಂದು ಉತ್ತರವಿತ್ತು. ಓಟದಲ್ಲಿ ಸೋತರೆ ಕಳೆದುಕೊಳ್ಳುವವನು ಮಾತ್ರ ಒಬ್ಬನೇ, ಬೆಂಕಿ ಆರಿಸುವ ಬಂಡಿಯ ಡ್ರೈವರ್. ಐವತ್ತರ ಹೊಸ್ತಿಲಲ್ಲಿದ್ದ ಆ ಮನುಷ್ಯ ಹಿಂದಿನ ಸಲದ ಓಟದ ಪರೀಕ್ಷೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮೈದಾನದ ಮಧ್ಯೆ ಕುಕ್ಕರಿಸಿದ್ದ. ಸಾಹೇಬರು ಕನಿಕರಪಟ್ಟು ಇನ್ನೊಂದು ಅವಕಾಶ ಕೊಡಿಸಿದ್ದರು. ಈ ಸಲವೂ ಸೋತರೆ ಬಂಡಿ ಇಲ್ಲ, ಒಳಗೆ ಕೂತು ಫೋನ್ ಎತ್ತುವ ಕೆಲಸ. ಬೆಂಕಿ ಕಂಡ ಕಡೆ ಬಂಡಿ ನುಗ್ಗಿಸುವುದು ಬಿಟ್ಟರೆ ಬೇರೇನೂ ಬೇಡವಾಗಿದ್ದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

"ತಿಂದು ಬರ್ತೀಯಲ್ಲಣ್ಣ, ಅದೇ ತಪ್ಪು," ಎಂದಿದ್ದ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ, ಸ್ಟೇಷನ್ನಿನವರೆಲ್ಲ ಕಡ್ಡಿ ಎಂದು ಕರೆಯುತ್ತಿದ್ದ ಹುಡುಗ. "ಖಾಲಿ ಹೊಟ್ಟೇಲಿ ಓಡಿ ನೋಡು." ಕಡ್ಡಿಗೇನು, ಹೇಳಿಬಿಟ್ಟ. ಅವನದು ಉಂಡರೂ ಬೆನ್ನಿಗಂಟಿದ ಹೊಟ್ಟೆ.

ಆದರೆ ಡ್ರೈವರನ ಮನೆಯಲ್ಲಿ ಬೆಳಗಿನ ತಿಂಡಿ ಬರೀ ತಿಂಡಿಯಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಅವಳು ಬರುವ ಹೊತ್ತಿಗೆ ಇವನು ಹೊರಡಬೇಕು, ಇವನು ಬರುವ ಹೊತ್ತಿಗೆ ಅವಳು. ಮಧ್ಯೆ ಸಿಗುವ ಚೂರು ಹೊತ್ತಿಗೆ ಇವನು ಬ್ರೆಡ್ಡು ಕಾಯಿಸಿ, ಮೊಟ್ಟೆ ಬೇಯಿಸಿ ಇಟ್ಟಿರುತ್ತಿದ್ದ. ಇಬ್ಬರೂ ಎದುರುಬದುರು ಕೂತು, ಮಾತಿಗೂ ತ್ರಾಣವಿಲ್ಲದೆ ತಿನ್ನುತ್ತಿದ್ದರು. ಇಷ್ಟು ವರ್ಷ ಅವರು ಸಂಸಾರ ಮಾಡಿದ್ದೆಂದರೆ ಹೆಚ್ಚಾಗಿ ಆ ಮೇಜಿನ ಮುಂದೆಯೇ.

ಕಡ್ಡಿಯ ಮಾತು ಕೇಳಿದ ಮೇಲೆ ಇವನು ಅವಳ ತಟ್ಟೆ ಮುಚ್ಚಿಟ್ಟು, ಬಾಗಿಲಲ್ಲೇ "ತಿಂದು ಮಲಗು" ಎಂದು ಓಡಲು ಹೋಗತೊಡಗಿದ. ವಾಪಸ್ಸು ಬರುವಷ್ಟರಲ್ಲಿ ಅವಳು ಮಲಗಿರುತ್ತಿದ್ದಳು. ತಟ್ಟೆ ತೊಳೆದಿಟ್ಟಿರುತ್ತಿತ್ತು. ಇವನೂ ಹೆಚ್ಚು ಕೆದಕಲು ಹೋಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅವಳು ಚಪ್ಪಲಿ ಬಿಚ್ಚಲು ಬಗ್ಗಿದವಳು ಗೋಡೆ ಹಿಡಿದುಕೊಂಡಳು.

"ಏನಾಯ್ತೇ?"

"ಏನಿಲ್ಲ, ಕಣ್ಣು ಕತ್ತಲೆ ಬಂತು. ನೀವು ಹೊರಡ್ರೀ, ತಡ ಆಗುತ್ತೆ."

ಹಾಲು ಕೊಡೋಣವೆಂದು ಫ್ರಿಜ್ಜು ತೆಗೆದ. ಹಾಲಿನ ಹಿಂದೆ ಒಂದು ಡಬ್ಬಿ, ಅದರಲ್ಲಿ ನಿನ್ನೆಯ ಮೊಟ್ಟೆ, ನಿನ್ನೆಯ ಬ್ರೆಡ್ಡು. ಅದರ ಕೆಳಗಿನ ಡಬ್ಬಿಯಲ್ಲಿ ಮೊನ್ನೆಯದು.

"ಇದೇನೇ ಇದು? ತಿಂದವಳ ಹಾಗೆ ತಟ್ಟೆ ಬೇರೆ ತೊಳೆದಿಡ್ತಿದ್ದೆ!"

"ಸಂಜೆ ತಿನ್ನೋಣ ಅಂತ ಎತ್ತಿಡ್ತೀನಿ. ಎದ್ದರೆ ಬಸ್ಸು ಹಿಡಿಯೋ ಗಡಿಬಿಡಿ. ಒಬ್ಬಳೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ ಕಣ್ರೀ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಓಡೋದು ಬಿಟ್ಟು ಕೂರ್ತಿದ್ರಿ."

ಅವನಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಇನ್ನೊಂದು ತಟ್ಟೆ ತಂದು, ಕುರ್ಚಿ ಎಳೆದು ಕೂತ.

"ಅಯ್ಯೋ, ಇವತ್ತೊಂದಿನ ಬೇಡ ರೀ!"

"ಸುಮ್ನೆ ಕೂತ್ಕೊಂಡು ತಿನ್ನು. ನನಗೂ ಹಸಿವು."

ಹಸಿವೆಲ್ಲಿಂದ ಬರಬೇಕು? ಇವನು ಒಂದು ತುತ್ತು ತಿಂದರೆ ಅವಳೊಂದು ತಿನ್ನುತ್ತಿದ್ದಳು, ಇವನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಿದ್ದಳು. ಹಾಗಾಗಿ ಅವಳ ತಟ್ಟೆ ಖಾಲಿಯಾಗುವವರೆಗೂ ತಿಂದ.

ಮೈದಾನದಲ್ಲಿ ಅರ್ಧಕ್ಕೇ ಪಕ್ಕೆ ಹಿಡಿಯಿತು. ಮೊಟ್ಟೆ ಗಂಟಲಿಗೆ ಬಂತು. ಪಾಪ, ಆದರೂ ಈ ಸಲ ಕೂರಲಿಲ್ಲ. ಓಡಿ, ನಡೆದು, ಮತ್ತೆ ಓಡಿ ಗೆರೆ ಮುಟ್ಟುವಾಗ ಸಾಹೇಬರು ಗಡಿಯಾರ ಜೇಬಿಗೆ ಹಾಕಿಕೊಂಡಾಗಿತ್ತು.

"ತಿಂದು ಬಂದ್ಯೇನಯ್ಯಾ?"

"ಹೌದು ಸಾರ್."

"ಕಡ್ಡಿ ಅಷ್ಟು ಬಡ್ಕೊಂಡ್ರೂ ತಿಂದ್ಯಲ್ಲ! ಯಾರು ತಿನ್ನಿಸಿದ್ದು?"

"ಯಾರೂ ಇಲ್ಲ ಸಾರ್. ಹಸಿವಾಗಿತ್ತು."

ಮನೆಗೆ ಬಂದರೆ ಅವಳು ಮಲಗಿರಲಿಲ್ಲ. ಅವನ ಮುಖ ನೋಡಿದ್ದೇ ಕೇಳಿದಳು, "ನಾನೇ ಕೆಡಿಸಿದ್ನಾ?"

"ಛೆ, ನೀನ್ಯಾಕೆ ಕೆಡಿಸ್ತೀಯ? ಮೊಣಕಾಲು ಕೈಕೊಡ್ತು."

ಅವಳು ಎಣ್ಣೆ ಬಿಸಿ ಮಾಡಿ ತಂದು, ನೆಲದ ಮೇಲೆ ಕೂತು, ಅವನ ಮೊಣಕಾಲು ತಿಕ್ಕತೊಡಗಿದಳು. ಇಡೀ ರಾತ್ರಿ ನೋವಿನವರ ನಡುವೆ ಓಡಾಡುವವಳಿಗೆ ನೋವಿಲ್ಲದ ಕಾಲು ಗೊತ್ತಾಗದೆ ಇರುತ್ತದೆಯೇ? ಆದರೂ ಅವಳು ತಿಕ್ಕುತ್ತಲೇ ಇದ್ದಳು. ಇವನೂ ಕಾಲು ಚಾಚಿಕೊಂಡು ಕೂತ.

"ನಾಳೆಯಿಂದ ಏನು?" ಎಂದಳು ಕೊನೆಗೆ.

"ನಾಳೆಯಿಂದ ಇಬ್ರೂ ಕೂತು ತಿನ್ನೋಣ. ಫೋನ್ ಎತ್ತೋಕೆ ಓಡಬೇಕಾಗಿಲ್ವಲ್ಲ."

ಅವಳನ್ನು ನಗಿಸೋಣವೆಂದು ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಅಳು ಬಂತು.