ಮಡಿ ಕಂಪ್ಯೂಟರ್

ನಾಳೆ ಮೊಮ್ಮಗನ ತೊಟ್ಟಿಲು. ಸವದತ್ತಿಯ ಅರ್ಧ ಓಣಿಗೆ ಕರೆ ಹೋಗಿತ್ತು. ನನ್ನ ಗಂಡ ಮುಕುಂದ ಮಾತ್ರ ಬೆಳಗಿನಿಂದ ಒಂದು ಕಡೆ ಕೂತಿರಲಿಲ್ಲ. ಕಂಪ್ಯೂಟರ್ ಕೋಣೆಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಹೋಗುವುದು.

"ಏನಾಗ್ಯದ್ರೀ?"

"ಆಯೀ ಹಾಡು ಕಾಣವಲ್ವು."

ಆಯಿ ಎಂದರೆ ನನ್ನ ಅತ್ತೆ, ಯಮುನಾಬಾಯಿ. ಹೋದ ವರ್ಷ ತೀರಿಕೊಂಡರು. ಅವರ ಜೋಗುಳಗಳನ್ನು ಇವರು ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿದ್ದರು. ಆ ಫೋನು ಆಮೇಲೆ ನೀರಿನ ಹೌದಿಗೆ ಬಿತ್ತು. ಮಗಳು ಪ್ರಜ್ಞಾ ಬಾಣಂತನಕ್ಕೆ ಬಂದಾಗಲೇ ಹೇಳಿದ್ದಳು: "ಅಜ್ಜಿ ದನಿ ಕೇಳಕೋತ ನನ್ನ ಕೂಸು ತೊಟ್ಟಿಲದಾಗ ಮಲಗಬೇಕು."

ಆ ರೆಕಾರ್ಡಿಂಗುಗಳಲ್ಲಿ ಹಾಡಿಗಿಂತ ಕುಕ್ಕರಿನ ಸೀಟಿಯೇ ಜಾಸ್ತಿ. ಅದನ್ನು ಕತ್ತರಿಸುವ ಇವರ ಮೆಚ್ಚಿನ ಪ್ರೋಗ್ರಾಂ ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಅದಕ್ಕೆಂದೇ ಕಿತ್ತೂರಿನಿಂದ ಇವರ ಅಣ್ಣನ ಮಗ ಸುಮೇಧ ಬಂದು, ನಮ್ಮ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಹುಸಿ ಕಂಪ್ಯೂಟರ್ ಕೂಡಿಸಿಕೊಟ್ಟಿದ್ದ. ವರ್ಚುವಲ್ ಮಷೀನ್ ಅಂತೆ. "ಮಡೀಲೆ ಇದ್ದಂಗ, ಕಾಕಾ. ಒಳಗ ಏನ್ ಮಾಡಿದ್ರೂ ಹೊರಗಿನದಕ್ಕ ಮುಟ್ಟಂಗಿಲ್ಲ" ಎಂದಿದ್ದ.

ಮಡಿಯ ಮಾತು ಬಂದರೆ ಈ ಮನೆಯಲ್ಲಿ ಮುಂದೆ ಕೇಳುವವರಿಲ್ಲ. ಹಾಡಿನ ಫೋಲ್ಡರನ್ನು ಮಾತ್ರ ಎರಡೂ ಕಡೆಗೆ ಶೇರ್ ಮಾಡಿದ್ದೇನೆ ಎಂದು ಅವನು ಹೇಳಿದ್ದು ಇವರ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ಒಳಗಿನ ಕಂಪ್ಯೂಟರ್ ಜಾಗ ಸಾಲದು ಎಂದಿತು. ಅಲ್ಲಿರುವುದು ನಕಲು, ಅಸಲು ಹೊರಗೆ ಭದ್ರ ಎಂದುಕೊಂಡು ಇವರು ಹಾಡುಗಳನ್ನೆಲ್ಲ ಅಳಿಸಿದರು. ಹೊರಗೆ ಬಂದು ನೋಡಿದರೆ ಅಲ್ಲೂ ಖಾಲಿ. ರೀಸೈಕಲ್ ಬಿನ್ನಿನಲ್ಲೂ ಇಲ್ಲ.

"ಕಾಕಾ, ಅದು ಒಂದ ಫೋಲ್ಡರ್. ಬಾಗಲಾ ಅಷ್ಟ ಎರಡು. ಅಲ್ಲೆ ಎಲ್ಲಿ ಮಡಿ?" ಎಂದು ಫೋನಿನಲ್ಲಿ ಚೀರಿದ ಸುಮೇಧ, ಸಿಕ್ಕ ಬಸ್ಸು ಹತ್ತಿ ಬಂದ.

ನನಗೆ ಸಿಟ್ಟು ನೆತ್ತಿಗೇರಿತು. "ಅಳಸೂಕಿಂತ ಮೊದ್ಲ ನನ್ನ ಒಂದ್ ಮಾತು ಕೇಳಬಾರದಾಗಿತ್ರೀ?"

"ಕೇಳಿದ್ರ ನಿನಗೇನ ತಿಳೀತಿತ್ತು?"

ಅದೂ ನಿಜವೇ. ಅದಕ್ಕೇ ಸಿಟ್ಟು ಇನ್ನಷ್ಟು ಬಂತು. ನಾನು ಹೊಸ್ತಿಲಲ್ಲಿ ನಿಂತೆ, ಅಂಗಳಕ್ಕೆ ಹೋದೆ, ಮತ್ತೆ ಹೊಸ್ತಿಲಿಗೆ ಬಂದೆ. ಸುಮೇಧ ಏನೇನೋ ಮಾಡಿ ನೋಡಿದ. ಹಾಡಿನ ಹೆಸರುಗಳು ಬಂದವು, ದನಿ ಬರಲಿಲ್ಲ.

"ಪ್ರಜ್ಞಾಗ ನೀನ ಹೇಳು," ಎಂದರು ಇವರು ಸಣ್ಣ ದನಿಯಲ್ಲಿ. ನನ್ನ ಕೈಲೂ ಆಗುವಂತಿರಲಿಲ್ಲ.

ಸುಮೇಧ ಕೊನೆಗೆ ಒಳಗಿನ ಕಂಪ್ಯೂಟರನ್ನೂ ತೆರೆದ. ಶೇರ್ ಆಗದ ಇನ್ನೊಂದು ಫೋಲ್ಡರ್ ಅಲ್ಲಿತ್ತು, ಹೆಸರು 'ಕಸ'.

"ಇದೇನ್ ಕಾಕಾ?"

"ಹಾಡಿನ ನಡುವಿಂದ ಕತ್ತರಿಸಿದ್ದು. ತಗದ ಒಗಿ."

"ಜಾಗ ಬೇಕಾದಾಗ ಇದನ್ನ ಬಿಟ್ಟು ಹಾಡು ಅಳಿಸಿದ್ರೇನು?" ಎನ್ನುತ್ತಾ ಸುಮೇಧ ಅದರೊಳಗಿನ ದನಿ ಹಚ್ಚಿದ. ಅಷ್ಟರಲ್ಲಿ ಪ್ರಜ್ಞಾ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡಿದ್ದಳು. ಕುಕ್ಕರಿನ ಸೀಟಿ. ಬಸ್ಸಿನ ಹಾರ್ನ್. ಯಾರದೋ ಕೆಮ್ಮು. ಆಮೇಲೆ, ಮನೆಯೆಲ್ಲ ತುಂಬುವಂತೆ:

"ಸುಚೇತಾ! ಹಾಲು ಉಕ್ಕಲಿಕ್ಕತ್ತಾವ, ಎಲ್ಲಿದ್ದೀ?"

"ಬಂದೆ ಆಯೀ," ಎನ್ನುತ್ತಾ ನಾನು ಓಡಿದೆ. ಅಡುಗೆಮನೆಗೆ ಹೋಗಿ ನೋಡಿದರೆ ಗ್ಯಾಸು ಆರಿತ್ತು, ಮೇಲೆ ಪಾತ್ರೆಯೂ ಇರಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡು ನಿಂತಿದ್ದಾಗ ಹಿಂದಿನಿಂದ ಪ್ರಜ್ಞಾಳ ಮಾತು ಕೇಳಿಸಿತು:

"ಅಳಸಬ್ಯಾಡೋ ಸುಮೇಧಾ. ನಾಳೆ ತೊಟ್ಟಿಲದ ಮುಂದ ಇದನ್ನ ಹಚ್ಚೋಣು."