ನನ್ನೊಳಗೆ ಬೆಳೆದ ಗಂಟು

ನಾನು ಒಂದು ನರಕೋಶ. ಗದಗಿನ ಫಕೀರಪ್ಪ ಹಡಪದ ಎಂಬ ಕ್ಷೌರಿಕನ ಮಿದುಳಿನ ಬುಡದಲ್ಲಿ ನನ್ನ ವಾಸ. ಆತ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನಾನು ಹುಟ್ಟಿದೆ. ಚರ್ಮದ ಕೋಶಗಳು ಸತ್ತರೆ ಹೊಸವು ಬರುತ್ತವೆ. ನಾನು ಸತ್ತರೆ ನನ್ನ ಜಾಗ ಖಾಲಿಯೇ.

ಡೋಪಮೈನ್ ಎಂಬ ರಸವನ್ನು ತಯಾರಿಸಿ ಕಳಿಸುವುದು ನನ್ನ ಕೆಲಸ. ಅದು ತಲುಪಬೇಕಾದಲ್ಲಿಗೆ ತಲುಪಿದರೆ ಫಕೀರಪ್ಪನ ಕೈ ಅವನ ಮಾತು ಕೇಳುತ್ತದೆ. ಈ ಕೆಲಸಕ್ಕೆ ಬೇಕಾದ ಪ್ರೋಟೀನುಗಳು ನನ್ನೊಳಗೆ ದಾರದಂತೆ ಹುಟ್ಟುತ್ತವೆ. ಸರಿಯಾಗಿ ಮಡಚಿಕೊಂಡರೆ ಮಾತ್ರ ಅವುಗಳಿಂದ ಉಪಯೋಗ. ಮಡಿಕೆ ತಪ್ಪಿದವನ್ನು ತಿದ್ದಲು ಸಹಾಯಕರಿದ್ದಾರೆ. ತಿದ್ದಲಾಗದವಕ್ಕೆ ಒಂದು ಗುರುತು ಅಂಟುತ್ತದೆ. ಗುರುತು ಬಿದ್ದದ್ದನ್ನು ಕೊಳವೆಯಂಥ ಯಂತ್ರವೊಂದು ಒಳಗೆಳೆದುಕೊಂಡು ಚೂರುಚೂರು ಮಾಡುತ್ತದೆ. ಹರೆಯದಲ್ಲಿ ಇದೆಲ್ಲ ಸಲೀಸಾಗಿ ನಡೆಯುತ್ತಿತ್ತು. ನಾನು ಅತ್ತ ಗಮನವನ್ನೇ ಕೊಡುತ್ತಿರಲಿಲ್ಲ.

ಫಕೀರಪ್ಪನಿಗೆ ಐವತ್ತು ದಾಟಿದ ಮೇಲೆ ಆ ಯಂತ್ರ ಸುಸ್ತಾಯಿತು. ಕೆಟ್ಟ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾದವು. ಆ ಗಂಟು ಯಂತ್ರದ ಬಾಯೊಳಗೆ ತೂರಲಿಲ್ಲ. ನೆರೆಯ ಕೋಶದಲ್ಲೂ ಅದೇ ಕಥೆ. ಒಂದು ದಿನ ಅದರ ಸದ್ದು ನಿಂತುಹೋಯಿತು. ಆಮೇಲೆ ಅದರಾಚೆಯದು. ಹೆದರಿ ಓಡೋಣವೆಂದರೆ ನನಗೆ ಕಾಲಿಲ್ಲ.

ಒಂದು ಬೆಳಿಗ್ಗೆ ಕಂಠಿ ಮಾಸ್ತರರು ದಾಡಿ ಮಾಡಿಸಿಕೊಳ್ಳಲು ಅಂಗಡಿಗೆ ಬಂದರು. ಫಕೀರಪ್ಪನ ಎಡಗೈ ಅವರ ತಲೆಯ ಮೇಲಿತ್ತು, ಬಲಗೈಯ ಕತ್ತಿ ಗಂಟಲ ಮೇಲೆ. ಎಡಗೈ ತಾನಾಗಿಯೇ ನಡುಗತೊಡಗಿತು. ಅದರೊಂದಿಗೆ ಮಾಸ್ತರರ ತಲೆಯೂ ಅಲುಗಿತು.

"ಫಕೀರಪ್ಪಾ, ಮೊದ್ಲ ಕತ್ತಿ ತಗಿ," ಎಂದರು ಮಾಸ್ತರರು, ತುಟಿ ಅಲುಗಿಸದೆ.

ತೆಗೆದಾಗ ಅವರ ಗಂಟಲ ಮೇಲೆ ಕೆಂಪು ಗೆರೆ ಮೂಡಿತ್ತು.

"ತಪ್ಪಾತ್ರೀ ಸರ. ಚಳೀಗೆ ಹಂಗಾತು," ಎಂದ ಫಕೀರಪ್ಪ. ಹೊರಗೆ ಏಪ್ರಿಲ್ ಬಿಸಿಲು.

ಮಗಳು ಕಸ್ತೂರಿ ಆತನನ್ನು ಡಾಕ್ಟರ ಬಳಿ ಕರೆದೊಯ್ದಳು. "ಪಾರ್ಕಿನ್ಸನ್ ಅಂತಾರ ಇದಕ್ಕ," ಎಂದರು ಡಾಕ್ಟರು. "ಗುಳಿಗಿ ತಗೊಂಡ್ರ ನಡುಕ ಕಡಿಮಿ ಆಗ್ತೈತಿ. ಸತ್ತ ಕೋಶ ಮಾತ್ರ ತಿರುಗಿ ಬರಂಗಿಲ್ಲ."

"ಕತ್ತಿ ಹಿಡೀಬಹುದೇನ್ರೀ?" ಎಂದು ಕೇಳಿದ ಫಕೀರಪ್ಪ.

"ಇನ್ನ ಬ್ಯಾಡ್ರಿ," ಎಂದರು ಡಾಕ್ಟರು. "ನಾ ಹಿಡೀತೀನಿ, ನೀ ಕಲಿಸು," ಎಂದಳು ಕಸ್ತೂರಿ.

ಹೊಸಬಳ ಕತ್ತಿಗೆ ಗಂಟಲು ಕೊಡುವವರು ಯಾರು? ಕೊನೆಗೆ ಫಕೀರಪ್ಪನೇ ಕುರ್ಚಿಯಲ್ಲಿ ಕುಳಿತ. ಆತನ ಗದ್ದ ಅದುರುತ್ತಿತ್ತು.

"ನಿಲ್ಲವಲ್ದವ್ವ. ಕೊಯ್ದೀತು, ಬ್ಯಾಡ."

"ನನಗೂ ಹೆದರಿಕಿ ಐತೆಪ್ಪ. ಸುಮ್ನ ಕೂಡು," ಎಂದು ಕಸ್ತೂರಿ ಗದ್ದವನ್ನು ಅಂಗೈಯಲ್ಲಿ ಹಿಡಿದಳು.

ಕತ್ತಿ ಚರ್ಮ ಮುಟ್ಟಿತು. ನನ್ನ ಬಳಿ ಉಳಿದಿದ್ದ ರಸವನ್ನೆಲ್ಲ ಆ ಕ್ಷಣದಲ್ಲೇ ಸುರಿದೆ. ಸಾಲಲಿಲ್ಲ. ಆದರೂ ಅವಳು ಹಿಡಿದ ಗದ್ದ ನಿಂತಿತು. ರಕ್ತ ಬರಲಿಲ್ಲ.

ಈಗ ನಾನು ಮುದಿಯಾಗಿದ್ದೇನೆ. ಸುತ್ತ ಕೂಗಿದರೆ ಓಗೊಡುವವರಿಲ್ಲ. ಗಂಟು ನನ್ನನ್ನು ಒಳಗಿನಿಂದ ಒತ್ತುತ್ತಿದೆ. ಇನ್ನೆಷ್ಟು ಕಾಲ ಉಳಿಯುತ್ತೇನೋ ಗೊತ್ತಿಲ್ಲ, ಹೆದರಿಕೆಯಂತೂ ಹೋಗಿಲ್ಲ. ಇಂದು ಬೆಳಿಗ್ಗೆಯೂ ಒಂದು ಹನಿ ಕಳಿಸಿದೆ. ಫಕೀರಪ್ಪ ಅಂಗಿಯ ಒಂದು ಗುಂಡಿಯನ್ನು ತಾನೇ ಹಾಕಿಕೊಂಡ.